ನನ್ನ ಬಲಗೈ ತೋರಿಸಿದ ದಿಕ್ಕು

ನಾನು ಮೈಕಿನ ಕೆಲಸ ಬಿಟ್ಟಾಗ ಬಸವಕಲ್ಯಾಣದ ಒಂದು ಕಲ್ಯಾಣ ಮಂಟಪದಲ್ಲಿ ನನಗೆ ಬೀಳ್ಕೊಡುಗೆ ಏರ್ಪಟ್ಟಿತ್ತು. ಮೂವತ್ತನಾಲ್ಕು ವರ್ಷ ಬೇರೆಯವರ ಸಭೆ ನಡೆಸಿಕೊಟ್ಟವನಿಗೆ ತನ್ನದೇ ಸಭೆಯಲ್ಲಿ ಏನು ಸಿಗಬೇಕೋ ಅದೇ ಸಿಕ್ಕಿತು. ಹನ್ನೊಂದು ಜನ ಮಾತನಾಡಿದರು. ಅವರಲ್ಲಿ ಹೆಚ್ಚಿನವರು ತಮ್ಮ ಬಗ್ಗೆ ಹೇಳಿಕೊಂಡರು. ಒಬ್ಬರಂತೂ ಬೇರೆ ಯಾರದೋ ಕಾರ್ಯಕ್ರಮ ಎಂದು ತಿಳಿದು ಬಂದಿದ್ದರು, ಆದರೂ ಅವರ ಭಾಷಣವೇ ಎಲ್ಲಕ್ಕಿಂತ ಚೆನ್ನಾಗಿತ್ತು. ನನ್ನ ಸರದಿ ಬರುವ ಹೊತ್ತಿಗೆ ಎಲೆ ಹಾಕಿ ಆಗಿತ್ತು. ನಿರೂಪಕ ಮೈಕ್ ಹಿಡಿದು "ಸಮಯದ ಅಭಾವದಿಂದ" ಎಂದು ಶುರು ಮಾಡಿದ. ಆ ಮಾತನ್ನು ಅವನಿಗೆ ಕಲಿಸಿದವನು ನಾನೇ ಆದ್ದರಿಂದ ಸುಮ್ಮನೆ ಕುಳಿತೆ.

ಊಟದ ಹೊತ್ತಿಗೆ ಅಂಬಿಕಾ ಎಂಬ ಹುಡುಗಿ ಪಕ್ಕಕ್ಕೆ ಬಂದು ಕುಳಿತಳು. ಹುಮನಾಬಾದಿನವಳು, ಡಿಗ್ರಿ ಮುಗಿಸಿ ಎರಡು ವರ್ಷದಿಂದ ಸಣ್ಣಪುಟ್ಟ ಕಾರ್ಯಕ್ರಮ ನಡೆಸಿಕೊಡುತ್ತಿದ್ದಾಳೆ.

"ಕಾಕಾ, ನೀವು ಸ್ಟೇಜ್ ಮ್ಯಾಲ ನಿಂತ್ರ ಜನ ನಿಮ್ಮನ್ನೇ ನೋಡ್ತಾರಲ್ರಿ. ಅದು ಹ್ಯಾಂಗ್ರಿ? ನನಗೂ ಜರಾ ಕಲಿಸ್ರಿ."

"ಎಲ್ಲಿ ಅದ ಕಾರ್ಯಕ್ರಮ?"

"ನಮ್ಮೂರಾಗೇ ರಿ. ಫ್ಯಾಕ್ಟರ್ಯಾಗ ಸೇಫ್ಟಿ ಡೇ ಅದ. ನೀವು ಹಿಂದಕ್ಕ ಮಾತಾಡಿದ್ರಲ್ಲ, ಅದೇ ಫ್ಯಾಕ್ಟರಿ."

ಕಲಸಿದ ಅನ್ನವನ್ನು ಎಲೆಯ ಮೇಲೇ ಬಿಟ್ಟೆ. ಬರೆದುಕೊಡುತ್ತೇನೆ ಎಂದೆ. ಬರೆಯಲು ಕುಳಿತಾಗ ತಿಳಿಯಿತು, ಅವಳು ಕೇಳಿದ್ದನ್ನು ಹೇಳಿಕೊಡಬೇಕಾದರೆ ಮಾರುತಿಯ ವಿಷಯ ಹೇಳದೆ ದಾರಿಯಿಲ್ಲ. ಮಾರುತಿ ಯಾರು ಎಂಬುದು ಮುಂದೆ ಬರುತ್ತದೆ. ಒಂಬತ್ತು ವರ್ಷದಿಂದ ಆ ಮನುಷ್ಯ ಕಿವಿಗೆ ಬಿದ್ದ ಮಾತು ತಲೆಗೆ ಹೋಗದವನು ಎನ್ನಿಸಿಕೊಂಡು ಬದುಕಿದ್ದಾನೆ. ಹಾಗೆ ಅನ್ನಿಸಿದವನು ನಾನು. ಅದನ್ನು ಬಿಟ್ಟು ಉಸಿರಾಟ, ಹಾವಭಾವ ಎಂದು ನಾಲ್ಕು ಪುಟ ಬರೆದು ಅವಳ ಕೈಗಿಟ್ಟಿದ್ದರೆ ನನ್ನ ವೃತ್ತಿಗೆ ತಕ್ಕ ಕೆಲಸವೇ ಆಗುತ್ತಿತ್ತು.

ಮೊದಲು ವೃತ್ತಿಯ ಬಗ್ಗೆ. ನಮ್ಮ ಕಡೆ ಮೈಕ್ ಹಿಡಿದವರೆಲ್ಲರೂ ಮಾಸ್ತರರೇ. ನಾನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ, ಕಲಿತದ್ದೂ ಅಷ್ಟಕ್ಕಷ್ಟೇ. ಆದರೆ ಸಹಕಾರ ಸಂಘದ ವಾರ್ಷಿಕ ಸಭೆ, ಅಂಗಡಿಯ ಉದ್ಘಾಟನೆ, ಕಾಲೇಜಿನ ಬೀಳ್ಕೊಡುಗೆ, ಶ್ರದ್ಧಾಂಜಲಿ ಎಲ್ಲಕ್ಕೂ "ಮಾಸ್ತರನ್ನ ಕರೀರಿ" ಎನ್ನುತ್ತಿದ್ದರು. ನನ್ನ ಬಳಿ ಎರಡು ನೆಹರೂ ಅಂಗಿ, ಮೂರು ಭಾಷೆ ಮತ್ತು ಎಲ್ಲದಕ್ಕೂ ಹೊಂದುವ ಒಂದು ಭಾಷಣ ಇದ್ದವು. ಮದುವೆಯಲ್ಲಿ ಅದರ ಕೊನೆಗೆ "ಬಾಳು ಬೆಳಗಲಿ" ಎನ್ನುತ್ತಿದ್ದೆ, ಶ್ರದ್ಧಾಂಜಲಿಯಲ್ಲಿ "ನೆನಪು ಬೆಳಗಲಿ" ಎನ್ನುತ್ತಿದ್ದೆ. ಉಳಿದದ್ದು ಅದೇ.

ನನ್ನ ಮೇಲಧಿಕಾರಿ ಎಂದರೆ ಮಹಬೂಬ್ ಚಾಚಾ. ಬಸವಕಲ್ಯಾಣದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವರು. ಸಭೆಯ ಅಧ್ಯಕ್ಷರು ಯಾರೇ ಇರಲಿ, ಸಭೆ ನಡೆಯುತ್ತಿದ್ದದ್ದು ಚಾಚಾ ಅವರ ಬೆರಳಿನಲ್ಲಿ. ವೇದಿಕೆಯ ಪಕ್ಕದಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಕುಳಿತಿರುತ್ತಿದ್ದರು. ಭಾಷಣ ಉದ್ದವಾದರೆ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ದನಿ ಇಳಿಸುತ್ತಿದ್ದರು. ಮಾತನಾಡುವವರು ತಮ್ಮ ಗಂಟಲೇ ಸೋತಿತು ಎಂದು ತಿಳಿದು ಮುಗಿಸಿಬಿಡುತ್ತಿದ್ದರು. ನಮ್ಮ ತಾಲೂಕಿನ ಎಷ್ಟು ಜನ ಶ್ರೋತೃಗಳ ಆಯುಷ್ಯ ಹೀಗೆ ಉಳಿದಿದೆಯೋ ಲೆಕ್ಕವಿಲ್ಲ.

ನನ್ನ ಮೊದಲ ಕಾರ್ಯಕ್ರಮದಲ್ಲಿ ಚಾಚಾ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಮಾಸ್ತರ, ಮೈಕ್ ಚಲೋ ಅದ. ಅದಕ್ಕ ಕಿವುಡು ಅಂತ ತಿಳಕೊಂಡು ಒದರಬ್ಯಾಡ್ರಿ." ತರಬೇತಿ ಎಂದು ನನಗೆ ಸಿಕ್ಕಿದ್ದು ಅಷ್ಟೇ. ಈಗ ಇದನ್ನೇ ಎರಡು ದಿನದ ಶಿಬಿರ ಮಾಡಿ ಪ್ರಮಾಣಪತ್ರ ಕೊಡುತ್ತಾರೆ.

ಹೊಸಬರು ತಿಳಿಯಬೇಕಾದ ಇನ್ನೊಂದು ಸಂಗತಿ ಚೀಟಿ. ಸಭೆ ನಡೆಯುತ್ತಿರುವಾಗ ಕೆಳಗಿನಿಂದ ಚೀಟಿಗಳು ಬರುತ್ತಲೇ ಇರುತ್ತವೆ. ಇವರ ಹೆಸರು ಬಿಟ್ಟಿದೆ, ಅವರ ಹೆಸರಿನ ಹಿಂದೆ "ಸಮಾಜ ಸೇವಕರು" ಸೇರಿಸಿ, ಹೀಗೆ. ಹುಲಸೂರಿನ ಒಂದು ಸಭೆಯಲ್ಲಿ ಬಂದ ಚೀಟಿಯ ಹೆಸರನ್ನು ಎತ್ತಿ "ಇಂಥವರು ಇಂದು ನಮ್ಮ ನಡುವೆ ಕುಳಿತಿರುವುದೇ ನಮ್ಮ ಪುಣ್ಯ" ಎಂದೆ. ಸಭೆ ತಣ್ಣಗಾಯಿತು. ಆ ಹಿರಿಯರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಚೀಟಿ ಕಳಿಸಿದ್ದು ಒಂದು ನಿಮಿಷದ ಮೌನಕ್ಕೆ. ಚಾಚಾ ಕೂತಲ್ಲಿಂದಲೇ ಕಣ್ಣು ಬಿಟ್ಟರು. ನಾನು ಮತ್ತೆ ಮೈಕ್ ಹಿಡಿದು, ತಪ್ಪಾಯಿತು, ಕ್ಷಮಿಸಿ, ಎದ್ದು ನಿಲ್ಲೋಣ ಎಂದೆ. ಆ ಮನೆಯವರೇ ಊಟಕ್ಕೆ ಕೂಡಿಸಿದರು. ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸುಲಭ ಎಂದು ಅವತ್ತು ಕಲಿತೆ. ಹೆಸರು ದೊಡ್ಡದಾದಂತೆ ಅದನ್ನು ಮರೆತೆ.

ಹೆಸರು ದೊಡ್ಡದಾಯಿತು ಎಂಬುದಕ್ಕೆ ಗುರುತು, ಹುಮನಾಬಾದಿನ ಕಾರ್ಖಾನೆಯವರು ಕಾರು ಕಳಿಸಿದ್ದು. ರಾಸಾಯನಿಕ ತಯಾರಿಸುವ ಕಾರ್ಖಾನೆ ಅದು, ಹೆಸರು ಬೇಡ. ಸುರಕ್ಷತಾ ದಿನಕ್ಕೆ ಮುಖ್ಯ ಭಾಷಣ ನನ್ನದು. ಹಿಂದಿನ ದಿನವೇ ಹೋಗಿ ವೇದಿಕೆಯ ಮೇಲೆ ನಿಂತು ಅಭ್ಯಾಸ ಮಾಡಿದೆ. ಅಲ್ಲಿಯ ಸುರಕ್ಷತಾ ಅಧಿಕಾರಿ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಇದ್ದದ್ದು ಇಷ್ಟೇ: ಸೈರನ್ ಕೇಳಿದರೆ ಎಲ್ಲರೂ ಮೇನ್ ಗೇಟ್ ಬಾಜೂ ಮೈದಾನಕ್ಕೆ ಹೋಗಬೇಕು, ಆಫೀಸಿನ ಮಾಳಿಗೆಯ ಮೇಲಿನ ಗಾಳಿಚೀಲ ನೋಡಿ ಗಾಳಿಗೆ ಎದುರಾಗಿ ನಡೆಯಬೇಕು.

ಗಾಳಿಚೀಲ ಎಂದರೆ ಕಂಬಕ್ಕೆ ಕಟ್ಟಿದ ಕೇಸರಿ ಬಣ್ಣದ ಬಟ್ಟೆಯ ಚೀಲ. ಗಾಳಿ ಎತ್ತ ಬೀಸುತ್ತದೋ ಅತ್ತ ಉಬ್ಬಿಕೊಂಡು ನಿಲ್ಲುತ್ತದೆ. ನನಗೆ ಅದು ಭಾಷಣಕ್ಕೆ ತಕ್ಕ ವಸ್ತು ಎನಿಸಲಿಲ್ಲ, ಬಿಟ್ಟುಬಿಟ್ಟೆ. "ಮೇನ್ ಗೇಟ್ ಬಾಜೂ ಮೈದಾನ" ಎಂಬುದಂತೂ ತೀರ ಸಪ್ಪೆ. ಅದನ್ನು "ಅಭಯದ ಅಂಗಳ" ಎಂದು ತಿದ್ದಿದೆ. ಕಾರು ಕಳಿಸಿ ಕರೆಸಿಕೊಂಡವನು ಗೇಟು, ಬಾಜೂ ಎನ್ನುವುದು ಚೆನ್ನಾಗಿರುವುದಿಲ್ಲವಲ್ಲ. ಅಂಗಳ ಎಲ್ಲಿದೆ ಎಂದು ತಿಳಿಯಲು ನನ್ನ ಬಲಗೈ ಇತ್ತು. ವೇದಿಕೆಯ ಮೇಲೆ ನಿಂತರೆ ಬಲಕ್ಕೆ ಮೇನ್ ಗೇಟು, ಎಡಕ್ಕೆ ರಾಸಾಯನಿಕ ತುಂಬಿದ ಟ್ಯಾಂಕುಗಳು. ಕೈ ಚಾಚುವುದನ್ನು ಹತ್ತು ಸಲ ಅಭ್ಯಾಸ ಮಾಡಿದೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಸಾಹೇಬರಿಗೆ ಒಂದು ಚಿಂತೆ ಹತ್ತಿತು. ಮುಖ್ಯ ಅತಿಥಿಗಳ ಮುಖಕ್ಕೆ ಬಿಸಿಲು ಬೀಳುತ್ತದೆ. ರಾಸಾಯನಿಕದಿಂದ ಜನರನ್ನು ಕಾಪಾಡುವುದು ಭಾಷಣದ ವಿಷಯ, ಬಿಸಿಲಿನಿಂದ ಅತಿಥಿಗಳನ್ನು ಕಾಪಾಡುವುದು ತುರ್ತು. ಒಂದು ತಾಸಿನಲ್ಲಿ ವೇದಿಕೆಯನ್ನು ಪೆಂಡಾಲಿನ ಆ ತುದಿಯಿಂದ ಈ ತುದಿಗೆ ತಂದು ಮುಖ ತಿರುಗಿಸಿ ನಿಲ್ಲಿಸಿದರು. ನನಗೆ ಯಾರೂ ಹೇಳಲಿಲ್ಲ. ನಾನು ಬಂದಾಗ ಎರಡೂ ಬದಿಗೆ ಬಟ್ಟೆಯ ಪರದೆ ಕಟ್ಟಿತ್ತು. ಗೇಟೂ ಕಾಣುತ್ತಿರಲಿಲ್ಲ, ಟ್ಯಾಂಕೂ ಕಾಣುತ್ತಿರಲಿಲ್ಲ. ಕಂಡದ್ದು ಮುಂದೆ ಕುಳಿತ ಜನ, ಪಕ್ಕದಲ್ಲಿ ಹಾರಗಳ ಬುಟ್ಟಿ.

ಆ ಭಾಷಣ ನನ್ನ ಜೀವನದ ಅತ್ಯುತ್ತಮ ಭಾಷಣ ಎಂದು ಈಗಲೂ ಹೇಳುವವರಿದ್ದಾರೆ. "ಸೈರನ್ ಮೊಳಗಿದ ಕ್ಷಣ ನನ್ನ ಈ ಬಲಗೈ ತೋರಿಸುವ ಅಭಯದ ಅಂಗಳದತ್ತ ನಡೆಯಿರಿ" ಎಂದು ಕೈ ಚಾಚಿದೆ. ಕನ್ನಡದಲ್ಲಿ, ದಖನಿ ಉರ್ದುವಿನಲ್ಲಿ, ಮರಾಠಿಯಲ್ಲಿ ಹೇಳಿದೆ. ಜನರಿಂದಲೂ ಕೈ ಎತ್ತಿಸಿ ಮೂರು ಸಲ ಅದೇ ದಿಕ್ಕು ತೋರಿಸಿದೆ. ಚಪ್ಪಾಳೆ ಬಿತ್ತು. ವೇದಿಕೆಯ ಮೇಲಿದ್ದ ಆರು ಜನ ಅಧಿಕಾರಿಗಳೂ ಚಪ್ಪಾಳೆ ತಟ್ಟಿದರು. ಅವರು ಆಗ ಮೊಬೈಲು ನೋಡುತ್ತಿದ್ದುದರಿಂದ ಯಾವುದಕ್ಕೆ ತಟ್ಟಿದರು ಎಂದು ನಾನು ಕೇಳಲಿಲ್ಲ.

ಕೆಳಗಿಳಿದಾಗ ಚಾಚಾ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು. "ಮಾಸ್ತರ, ಕೈ ಉಲ್ಟಾ ಆತು. ನಿನ್ನಿ ಸ್ಟೇಜ್ ಆ ಕಡೆ ಇತ್ತು. ಇವತ್ತು ನಿಮ್ಮ ಕೈ ಟ್ಯಾಂಕ್ ಕಡೆ ಹೋತು."

ಪರದೆ ಸರಿಸಿ ನೋಡಿದೆ. ಹೌದು.

"ಮೈಕ್ ಇನ್ನೂ ಚಾಲೂ ಅದ. ಜನಾನೂ ಕುಂತಾರ. ಒಂದು ಮಾತು ಹೇಳಿ ಬರ್ರಿ."

ನಾನು ಏನು ಹೇಳಿದೆ ಗೊತ್ತೇ? "ಹೋಗ್ಲಿ ಬಿಡ್ರಿ ಚಾಚಾ. ಯಾರು ಕೇಳ್ಯಾರ? ಗೇಟ್ ಎಲ್ಲಿ ಅದ ಅಂತ ದಿನಾ ಬರೋರಿಗೆ ಗೊತ್ತಿರ್ತದ." ಹೆಗಲ ಮೇಲೆ ಆಗಷ್ಟೇ ಹೊದಿಸಿದ ಶಾಲು ಇತ್ತು. ಅಷ್ಟು ಚಪ್ಪಾಳೆಯ ಮೇಲೆ ಮತ್ತೆ ಹತ್ತಿ, ನಾನು ಹೇಳಿದ್ದು ತಪ್ಪು ಎನ್ನುವುದು ಹೇಗೆ? ಅತ್ತ ಬಿಸಿ ಜಿಲೇಬಿ ಬಡಿಸುತ್ತಿದ್ದರು. ನಾನು ಜಿಲೇಬಿಯ ಕಡೆ ಹೋದೆ. ಆ ದಿಕ್ಕು ಮಾತ್ರ ನನಗೆ ತಪ್ಪಲಿಲ್ಲ. ಚಾಚಾ ಅವತ್ತು ಊಟ ಮಾಡದೆ ವೈರು ಸುತ್ತಿಕೊಂಡು ಹೊರಟರು.

ಮೂರು ವಾರದ ಮೇಲೆ, ಹಗಲು ಪಾಳಿಯಲ್ಲಿ, ಒಂದು ಪೈಪಿನ ಜೋಡಣೆ ಸಡಿಲಾಗಿ ಅನಿಲ ಸೋರಿತು. ಸೈರನ್ ಕೂಗಿತು. ನಾನು ಹೇಳಿದಂತೆಯೇ ಆಯಿತು: ಯಾರೂ ನನ್ನ ಭಾಷಣ ಕೇಳಿರಲಿಲ್ಲ. ಎಲ್ಲರೂ ದಿನಾ ಹೋಗುವ ಗೇಟಿನತ್ತ ಓಡಿ ಪಾರಾದರು. ಒಬ್ಬ ಮಾತ್ರ ಕೇಳಿದ್ದ. ಹುಲಸೂರ ಕಡೆಯಿಂದ ಬಂದು ನನ್ನ ಭಾಷಣಕ್ಕೆ ಒಂದು ವಾರ ಮೊದಲು ಗುತ್ತಿಗೆಯ ಕೆಲಸಕ್ಕೆ ಸೇರಿದ್ದ ಮಾರುತಿ. ಅವನಿಗೆ ಕಾರ್ಖಾನೆ ಹೊಸದು, ಕೆಲಸ ಹೊಸದು, ಆದ್ದರಿಂದ ನಾನು ಹೇಳಿದ್ದನ್ನೆಲ್ಲ ಮನಸ್ಸಿಟ್ಟು ಕೇಳಿದ್ದ. ಟ್ಯಾಂಕುಗಳ ಆಚೆಗೂ ಒಂದು ಬಯಲು ಇತ್ತು. ಅದೇ ಅಭಯದ ಅಂಗಳ ಎಂದು ಗುರುತು ಮಾಡಿಕೊಂಡಿದ್ದ. "ಈ ಕಡೆ ಬರ್ರಿ, ಮಾಸ್ತರು ಹೇಳ್ಯಾರ" ಎಂದು ಕೂಗುತ್ತಾ ಅನಿಲದೊಳಗೇ ಓಡಿದ.

ಜೀವ ಉಳಿಯಿತು. ದನಿ ಹೋಯಿತು. ಅಂದರೆ ಪೂರ್ತಿ ಹೋಗಲಿಲ್ಲ, ಈಗ ಮಾತನಾಡಿದರೆ ಮರಳಿನ ಮೇಲೆ ಗೋಣಿಚೀಲ ಎಳೆದಂತೆ ಕೇಳುತ್ತದೆ. ನಾಲ್ಕು ಮಾತಿಗೊಮ್ಮೆ ಕೆಮ್ಮು.

ಕಾರ್ಖಾನೆಯವರು ವಿಚಾರಣೆ ಮಾಡಿದರು. ಸುರಕ್ಷತಾ ಭಾಷಣಕ್ಕೆ ಗಮನ ಕೊಡದೆ ಕಾರ್ಮಿಕನು ತಪ್ಪು ದಿಕ್ಕಿಗೆ ಓಡಿದ್ದಾನೆ ಎಂದು ಬರೆದರು. ಅವನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ನನ್ನನ್ನು ಕರೆದರು. ಮ್ಯಾನೇಜರ್ ಸಾಹೇಬರು "ಮಾಸ್ತರ, ಈ ಉದಾಹರಣೆ ನಿಮ್ಮ ಭಾಷಣದಾಗ ಹಾಕ್ರಿ, ಜನಕ್ಕ ಭಯ ಬರ್ಲಿ" ಎಂದರು. ಹಾಕಿದೆ. "ಕೇಳುವ ಕಿವಿ ಇಲ್ಲದವನ ಗತಿ ಏನಾಯಿತು ಗೊತ್ತೇ?" ಎಂದು ತಡೆದು, ಒಂದು ಗುಟುಕು ನೀರು ಕುಡಿದು, ಆಮೇಲೆ ಹೇಳುತ್ತಿದ್ದೆ. ಆ ತಡೆಯುವಿಕೆಗೆ ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಹುಮನಾಬಾದಿನಲ್ಲಿ ಹೇಳಿದೆ, ಬೀದರಿನಲ್ಲಿ ಹೇಳಿದೆ, ಗಡಿಯಾಚೆ ಹೋಗಿ ಮರಾಠಿಯಲ್ಲೂ ಹೇಳಿದೆ. ನೋಡಮ್ಮ ಅಂಬಿಕಾ, ಜನ ನನ್ನನ್ನೇ ನೋಡುತ್ತಿದ್ದರು ಎಂದೆಯಲ್ಲ, ಅದು ಹೆಚ್ಚಾಗಿ ಈ ಜಾಗದಲ್ಲಿ. ಹೆಸರು ಹೇಳುತ್ತಿರಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದೆ. ಹೆಸರು ಹೇಳದಿದ್ದರೂ ಊರಿಗೆ ಗೊತ್ತಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಚಾಚಾ ಆ ಉದಾಹರಣೆಯನ್ನು ಒಂದೇ ಸಲ ಕೇಳಿದರು. ಗುಂಡಿ ತಿರುಗಿಸಿ ನನ್ನ ದನಿ ಪೂರ್ತಿ ಇಳಿಸಿಬಿಟ್ಟರು. ಕರೆಂಟು ಹೋಯಿತು ಎಂದು ಜನ ಮೇಲೆ ನೋಡಿದರು. ಆಮೇಲೆ ನನ್ನ ಕಾರ್ಯಕ್ರಮಗಳಿಗೆ ಅವರು ಬರಲಿಲ್ಲ. ಎರಡು ವರ್ಷದಲ್ಲಿ ತೀರಿಕೊಂಡರು. ಅವರ ಶ್ರದ್ಧಾಂಜಲಿ ಸಭೆಯಲ್ಲೂ ನಾನೇ ಚೆನ್ನಾಗಿ ಮಾತನಾಡಿದೆ.

ಮಾರುತಿ ಈಗ ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಚಹಾದ ಅಂಗಡಿ ಇಟ್ಟಿದ್ದಾನೆ. ಹೆಂಡತಿ ಸುಂದ್ರಾಬಾಯಿ ಜೊತೆಗಿರುತ್ತಾಳೆ. ನಾನು ಬಸ್ಸಿಗೆ ಕಾಯುವಾಗ ಅಲ್ಲಿ ಕೂರುವುದು ರೂಢಿಯಾಗಿತ್ತು. ಮೊದಲ ಸಲ ಹೋದಾಗ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬೆಂಚು ಒರೆಸಿದ.

"ನಿಮ್ಮ ಭಾಷಣ ಭಾಳ ಚಲೋ ಇತ್ರಿ ಮಾಸ್ತರ" ಎಂದ ಆ ಹರಿದ ದನಿಯಲ್ಲಿ. "ನಾನೇ ಉಲ್ಟಾ ಕೇಳಿಸ್ಕೊಂಡೆ ಅನಸ್ತದ. ನನ್ನ ತಲೀನೇ ಹಂಗ."

ಸುಂದ್ರಾಬಾಯಿ ಒಲೆಯ ಹಿಂದಿನಿಂದಲೇ "ಮನ್ಯಾಗ ನನ್ನ ಮಾತು ಕೇಳಲಾರದವರು ಅಲ್ಲಿ ನಿಮ್ಮ ಮಾತು ಕೇಳ್ತಾರೇನ್ರಿ" ಎಂದಳು. ಗಂಡ ನಕ್ಕ, ನಕ್ಕು ಕೆಮ್ಮಿದ. ನಾನೂ ನಕ್ಕೆ. ಗಿರಾಕಿಗಳೂ ಅವನನ್ನು ಹಾಗೇ ಕೆಣಕುತ್ತಿದ್ದರು. ಎರಡು ಚಹಾ ಎಂದು ಹೇಳಿ, "ಎರಡು ಅಂದೀವಿ, ಕೇಳಿಸ್ತಲ್ಲ ಮಾರುತಿ?" ಎಂದು ಮತ್ತೆ ಕೇಳುತ್ತಿದ್ದರು. ಒಂಬತ್ತು ವರ್ಷ ಆ ಬೆಂಚಿನ ಮೇಲೆ ಕುಳಿತು ಚಹಾ ಕುಡಿದಿದ್ದೇನೆ. ಮಾತು ಮಾರಿ ಬದುಕಿದವನಿಗೆ ಒಂದು ವಾಕ್ಯ ಬಾಯಿಗೆ ಬರಲಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಗುತ್ತಿತ್ತು, ಆದರೆ ಬಸ್ಸು ಬಂದ ಕೂಡಲೇ ಮರೆತುಹೋಗುತ್ತಿತ್ತು. ಹುಮನಾಬಾದಿನಿಂದ ನಮ್ಮೂರಿಗೆ ಬಸ್ಸುಗಳು ಬೇಗ ಬೇಗ ಬರುತ್ತವೆ.

ಇಷ್ಟನ್ನು ಬರೆದು ಅಂಬಿಕಾಳ ಕೈಗೆ ಕೊಟ್ಟೆ. ಅವಳು ನನ್ನೆದುರೇ ಓದಿದಳು. ಈಗಿನವರಿಗೆ ಬೇರೆ ಅನುಕೂಲ ಇದೆ, ಮೊಬೈಲಿಗೆ ಕೇಳಿದರೆ ಎಂಥ ಭಾಷಣವನ್ನಾದರೂ ಬರೆದುಕೊಡುತ್ತದೆ. ಇದನ್ನೆಲ್ಲ ಮರೆತು ಅದರಿಂದಲೇ ಬರೆಸಿಕೋ ಎಂದು ಹೇಳುವವನಿದ್ದೆ. ಅವಳು ಹಾಳೆ ಮಡಚಿದಳು.

"ಇದನ್ನ ನನಗ್ಯಾಕ ಕೊಟ್ರಿ ಕಾಕಾ? ಮಾರುತಿ ಅಣ್ಣಗ ಹೇಳೀರಿ?"

"ಇಲ್ಲ."

"ಹಂಗಾರ ನಡ್ರಿ."

ಮಧ್ಯಾಹ್ನದ ಬಸ್ಸಿಗೆ ಹೋದೆವು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಬೆಂಚಿನ ಮೇಲೆ ಕೂರದೆ ನಿಂತೇ ಹೇಳಿದೆ. ವೇದಿಕೆ ತಿರುಗಿಸಿದ್ದು, ಕೈ ಟ್ಯಾಂಕಿನ ಕಡೆ ಹೋದದ್ದು, ಚಾಚಾ ಹೇಳಿದ್ದು, ನಾನು ಜಿಲೇಬಿ ತಿಂದದ್ದು. ನಡುವೆ ಎಲ್ಲೂ ತಡೆಯಲಿಲ್ಲ, ನೀರು ಕುಡಿಯಲಿಲ್ಲ.

ಮಾರುತಿ ಸೋಸುತ್ತಿದ್ದ ಚಹಾವನ್ನು ಕೆಳಗಿಟ್ಟ. ಕೈ ಎತ್ತಿ ಹೊಡೆಯಬಹುದು ಎಂದುಕೊಂಡೆ. ಹೊಡೆದರೆ ಒಳ್ಳೆಯದಿತ್ತು. ಅವನು ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡ. ಆಮೇಲೆ ಒಲೆಯ ಕಡೆ ತಿರುಗಿದ.

"ಏ, ಕೇಳಿದೇನ? ನಾ ಸರಿಯಾಗೇ ಕೇಳಿದ್ದೆ ಅಂತ."

ಸುಂದ್ರಾಬಾಯಿ ಕೆಲಸ ನಿಲ್ಲಿಸಿ ಎದ್ದು ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸರಿಯಾಗೇ ಕೇಳಿದ್ದೆ ನಾ" ಎಂದು ಅವನು ಇನ್ನೊಮ್ಮೆ ಹೇಳಿದ. ಆಮೇಲೆ ನನ್ನ ಕಡೆ ನೋಡಿದ, ಆಗ ಕಣ್ಣಿನಲ್ಲಿ ಸಿಟ್ಟು ಇತ್ತು. "ಮಾಸ್ತರ, ತಪ್ಪು ಮಾತು ಮೈಕ್‌ನ್ಯಾಗ ಹೇಳೀರಿ. ಖರೇ ಮಾತು ನನ್ನ ಕಿವ್ಯಾಗ ಹೇಳಾಕತ್ತೀರಿ. ಇದು ಹ್ಯಾಂಗ ನ್ಯಾಯ ಆತು?"

ಅಂಬಿಕಾ ಮುಂದೆ ಬಂದಳು. "ಅಣ್ಣ, ಸೇಫ್ಟಿ ಡೇ ದಿನ ಚಹಾ ನಿಮ್ಮ ಅಂಗಡೀದೇ ತರಸ್ತೀನಿ. ಅಕ್ಕನ್ನೂ ಕರಕೊಂಡು ಬರ್ರಿ" ಎಂದಳು.

ಸುರಕ್ಷತಾ ದಿನ ಅದೇ ಮೈದಾನ, ಅಂಥದೇ ಪೆಂಡಾಲು. ಮ್ಯಾನೇಜರ್ ಮಾತ್ರ ಹೊಸಬರು, ಅವರಿಗೆ ಹಳೆಯ ಕಥೆ ಗೊತ್ತಿರಲಿಲ್ಲ. ಅಂಬಿಕಾ ಮುಂಜಾನೆಯೇ ಹೋಗಿ ಎರಡೂ ಬದಿಯ ಪರದೆ ಬಿಚ್ಚಿಸಿದ್ದಳು. ಬಿಸಿಲು ಅತಿಥಿಗಳ ಮುಖಕ್ಕೇ ಬೀಳುತ್ತಿತ್ತು. ಹಿರಿಯರೊಬ್ಬರು ಎರಡು ಮಾತು ಹೇಳುತ್ತಾರೆ ಎಂದು ನನ್ನನ್ನು ಕರೆದಳು. ಬಿರುದು ಬಾವಲಿ ಏನೂ ಹಚ್ಚಲಿಲ್ಲ.

ನಾನು ಮೈಕಿನಲ್ಲಿ ಗ್ರಾಂಥಿಕ ಕನ್ನಡ ಬಿಟ್ಟು ಮಾತನಾಡಿದ್ದು ಅದೇ ಮೊದಲು. "ಒಂಬತ್ತು ವರ್ಷದ ಹಿಂದ ಇಲ್ಲೇ ನಿಂತು ನಾ ತಪ್ಪು ಕಡೆ ಕೈ ತೋರಿಸಿದೆ. ತಪ್ಪು ಅಂತ ಅವತ್ತೇ ಗೊತ್ತಾಗಿತ್ತು, ಹೇಳಲಿಲ್ಲ. ಮಾರುತಿ ಅನ್ನೋರು ನನ್ನ ಮಾತು ಸರಿಯಾಗಿ ಕೇಳಿ, ಅದೇ ಕಡೆ ಹೋಗಿ ದನಿ ಕಳಕೊಂಡ್ರು. ಅವರು ಕೇಳಲಿಲ್ಲ ಅಂತ ಊರೂರು ಹೇಳ್ಕೊಂಡು ತಿರುಗಿದವ ನಾನೇ. ಅದು ಸುಳ್ಳು. ಅವರು ಅಲ್ಲಿ ಚಹಾ ಕೊಡಾಕತ್ತಾರ. ಸೈರನ್ ಕೇಳಿದ್ರ ಎಲ್ಲಿ ಹೋಗಬೇಕು ಅಂತ ಅವರೇ ಹೇಳ್ತಾರ."

ಇದನ್ನೇ ದಖನಿಯಲ್ಲಿ ಹೇಳಿದೆ, ಮರಾಠಿಯಲ್ಲಿ ಹೇಳಿದೆ. ಒಂದು ಚಪ್ಪಾಳೆಯೂ ಬೀಳಲಿಲ್ಲ. ಹೊಸ ಮ್ಯಾನೇಜರು ಮೊಬೈಲು ಕೆಳಗಿಟ್ಟರು.

ಮಾರುತಿ ಚಹಾದ ಕೆಟಲಿಯನ್ನು ಹೆಂಡತಿಯ ಕೈಗೆ ಕೊಟ್ಟು ಮೇಲೆ ಬಂದ. ಮೈಕಿಗೆ ತೀರ ಹತ್ತಿರ ನಿಂತ. ಚಾಚಾ ಅವರ ಅಂಗಡಿಯನ್ನು ಈಗ ನೋಡಿಕೊಳ್ಳುವ ಅವರ ಮಗಳು ರಜಿಯಾ, ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ಏರಿಸಿದಳು.

"ಮೇನ್ ಗೇಟ್ ಬಾಜೂ ಮೈದಾನ" ಎಂದ ಮಾರುತಿ. ಕೆಮ್ಮಿದ. ಸಭೆ ಕಾಯಿತು. "ಮಾಳಗಿ ಮ್ಯಾಲ ಚೀಲ ಅದಲ್ರಿ, ಅದನ್ನ ನೋಡ್ರಿ. ಗಾಳಿ ಯಾವ ಕಡೆಯಿಂದ ಬರ್ತದ, ಆ ಕಡೆ ನಡ್ರಿ. ಯಾರ ಕೈಯೂ ನೋಡಬ್ಯಾಡ್ರಿ."

ಅಷ್ಟೂ ಜನ ಕುತ್ತಿಗೆ ತಿರುಗಿಸಿ ಆಫೀಸಿನ ಮಾಳಿಗೆಯ ಕಡೆ ನೋಡಿದರು. ವೇದಿಕೆಯ ಮೇಲಿದ್ದ ಅತಿಥಿಗಳೂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಮೂವತ್ತನಾಲ್ಕು ವರ್ಷದಲ್ಲಿ ನಾನು ನಿಂತಿದ್ದ ವೇದಿಕೆಯ ಕಡೆ ಒಂದೂ ಮುಖ ಇಲ್ಲದ್ದು ಅದೇ ಮೊದಲು. ಹಿಂದೆ, ಕೆಟಲಿ ಹಿಡಿದುಕೊಂಡು ನಿಂತಿದ್ದ ಸುಂದ್ರಾಬಾಯಿ ಮಾತ್ರ ಚೀಲ ನೋಡಲಿಲ್ಲ. ಅವಳು ಗಂಡನನ್ನೇ ನೋಡುತ್ತಿದ್ದಳು.